ಆಲ್ಟೊ ಅಂದ್ರೆ ಎತ್ತರ, ಹಾಡೋದು ಮಾತ್ರ ತಗ್ಗಲ್ಲಿ

ಕಳೆದ ಸಂಚಿಕೆಯಲ್ಲಿ ಒಂದು ತಪ್ಪು ಮಾಡಿದೆ. ಅರಕಲಗೂಡಿನ ಓದುಗರೊಬ್ಬರು ಪದಬಂಧದಲ್ಲಿ ಸಿಕ್ಕ ‘ಆಲ್ಟೊ’ ಅಂದರೇನು ಎಂದು ಕೇಳಿದ್ದರು. ‘ಇಟಾಲಿಯನ್ ಪದ, ಎತ್ತರದ ದನಿ’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೆ. ಪದದ ಅರ್ಥ ಸರಿ. ಆದರೆ ಹಾಡುವವರ ಲೆಕ್ಕದಲ್ಲಿ ಪೂರ್ತಿ ಉಲ್ಟಾ. ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಇದರ ಮೇಲೇ ಬಂದಿವೆ. ನಮ್ಮ ಮನೆಯವರು ಒಂದೊಂದನ್ನೂ ಗಟ್ಟಿಯಾಗಿ ಓದಿ ನಕ್ಕರು. ಅವರು ನಗೋದಕ್ಕೆ ಬೇರೆ ಕಾರಣವೂ ಇದೆ, ಆಮೇಲೆ ಹೇಳುತ್ತೇನೆ. ಹಾಗಾಗಿ ಈ ಸಲ ಮಿಕ್ಕ ಪ್ರಶ್ನೆಗಳಿಗೆಲ್ಲ ರಜೆ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಶಾಲೆಯ ಕ್ವೈರ್‌ನಲ್ಲಿ (ಗುಂಪಾಗಿ ಹಾಡೋ ತಂಡ) ಮೊದಲು ಎಲ್ಲಕ್ಕಿಂತ ಮೇಲಿನ ದನಿಯವರ ಸೊಪ್ರಾನೊ ಸಾಲಲ್ಲಿದ್ದಳು. ಈಗ ಮೇಡಂ ಆಲ್ಟೊ ಸಾಲಿಗೆ ಹಾಕಿದ್ದಾರೆ. ಅಲ್ಲಿರೋದು ತಗ್ಗು ದನಿಯವರಂತೆ. ನೀವು ನೋಡಿದರೆ ಎತ್ತರದ ದನಿ ಎಂದು ಬರೆದಿದ್ದೀರಿ. ಮೊಬೈಲಲ್ಲೂ ಹಾಗೇ ಬರುತ್ತೆ. ‘ನನ್ನನ್ನ ಕೆಳಗೆ ತಳ್ಳಿದ್ರು’ ಅಂತ ಇವಳು ಮುಖ ಊದಿಸಿಕೊಂಡಿದ್ದಾಳೆ. ಯಾವುದು ಸರಿ?
— ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: ಅಮ್ಮಾ, ಮೇಡಂ ಸರಿ. ಮೊಬೈಲೂ ಸರಿ. ತಪ್ಪಿದ್ದು ನಾನೊಬ್ಬನೇ.

ನಮ್ಮೂರು ಸಕಲೇಶಪುರದ ಕಡೆ. ಅಜ್ಜನ ಕಾಲದ ಮನೆ ಹಳ್ಳದ ಪಕ್ಕದಲ್ಲಿತ್ತು. ಮನೆಯಿಂದ ಮೇಲಕ್ಕೆ ಒಂದು ಗದ್ದೆ. ಅದಕ್ಕೆ ಮೇಲ್ಗದ್ದೆ ಅಂತ ಹೆಸರು. ಅಪ್ಪ ಹೊಸ ಮನೆ ಕಟ್ಟುವಾಗ ಹಳ್ಳದ ಥಂಡಿ ಸಾಕು ಅಂತ ಗುಡ್ಡದ ಮೇಲೆ, ಕಾಫಿ ಕಣದ ಪಕ್ಕ ಕಟ್ಟಿಸಿದರು. ಈಗ ಜಗಲಿಯಲ್ಲಿ ಕೂತು ಬಗ್ಗಿ ನೋಡಿದರೆ ಕಾಲ ಕೆಳಗೆ ಕಾಣೋದೇ ಮೇಲ್ಗದ್ದೆ. ‘ಕೆಳಗೆ ಮೇಲ್ಗದ್ದೇಲಿ ದನ ನುಗ್ಗಿದೆ ನೋಡೋ’ ಅಂತ ಅಮ್ಮ ಕೂಗುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನ್ನಿಸಲೇ ಇಲ್ಲ. ಆಲ್ಟೊ ಅನ್ನೋದು ಅಂಥದ್ದೇ ಒಂದು ಮೇಲ್ಗದ್ದೆ. ಹೆಸರಿಟ್ಟಾಗ ಮನೆ ಎಲ್ಲಿತ್ತು ಅಂತ ಹುಡುಕಬೇಕು.

ಆ ಹಳೇ ಮನೆ ಅಂದರೆ ಟೆನರ್. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚು ಕಟ್ಟಲು ಶುರುವಾದದ್ದು 1163ರಲ್ಲಿ. (ನಮ್ಮ ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಹೇಳಿಕೊಳ್ಳೋಕೆ ಯಾಕೆ ಸಂಕೋಚ?) ಆ ಚರ್ಚಿನ ಹಾಡುಗಾರರು ಹಳೇ ಪ್ರಾರ್ಥನೆಯ ರಾಗವನ್ನು ಒಂದು ದನಿಗೆ ವಹಿಸುತ್ತಿದ್ದರು. ಆ ದನಿ ಒಂದೊಂದು ಸ್ವರವನ್ನೂ ಉದ್ದಕ್ಕೆ ಎಳೆದು ಹಿಡಿದಿರಬೇಕು. ಇನ್ನೊಂದು ದನಿ ಅದರ ಮೇಲೆ ಓಡಾಡಿಕೊಂಡಿರುತ್ತಿತ್ತು. ಲ್ಯಾಟಿನ್‌ನಲ್ಲಿ ‘ಹಿಡಿ’ ಅನ್ನೋದಕ್ಕೆ ತೆನೆರೆ. ಹಿಡಿದವನು ತೆನೊರ್, ಅಂದರೆ ಟೆನರ್. ಮಲೆನಾಡಿನವರಿಗೆ ಈ ಪದದ ದಾಯಾದಿ ಚೆನ್ನಾಗಿ ಗೊತ್ತು: ಟೆನೆನ್ಸಿ ಕೇಸು! ಜಮೀನು ಹಿಡಿದವನು ಟೆನೆಂಟ್, ರಾಗ ಹಿಡಿದವನು ಟೆನರ್.

ಮುಂದೆ ಟೆನರ್‌ಗೆ ಜೋಡಿಯಾಗಿ, ಹೆಚ್ಚುಕಮ್ಮಿ ಅದೇ ಎತ್ತರದಲ್ಲಿ ಇನ್ನೊಂದು ದನಿ ಸೇರಿತು. ಅದು ಟೆನರ್‌ಗೆ ಎದುರಾಗಿ ನಿಂತ ದನಿ, ಅಂದರೆ ಕಾಂಟ್ರಾಟೆನರ್. ಹದಿನೈದನೇ ಶತಮಾನದ ನಡುವಿಗೆ ಅದು ಎರಡು ಪಾಲಾಯಿತು. ಟೆನರ್‌ಗಿಂತ ಮೇಲೆ ಓಡಾಡುವ ಪಾಲಿಗೆ ಕಾಂಟ್ರಾಟೆನರ್ ಆಲ್ಟುಸ್ ಅಂತ ಹೆಸರು, ಕೆಳಗೆ ಓಡಾಡುವ ಪಾಲಿಗೆ ಕಾಂಟ್ರಾಟೆನರ್ ಬಾಸ್ಸುಸ್. ಇಷ್ಟುದ್ದದ ಹೆಸರು ದಿನಾ ಯಾರು ಕರೀತಾರೆ? ಇಟಲಿಯವರ ಬಾಯಲ್ಲಿ ಮೊದಲನೆಯದು ಆಲ್ಟೊ, ಎರಡನೆಯದು ಬಾಸ್ಸೊ ಆಯಿತು. ಎರಡನೆಯದನ್ನು ನೀವು ದಿನಾ ಕೇಳುತ್ತೀರಿ. ಆಟೋದವರು ‘ಬೇಸ್ ಜಾಸ್ತಿ ಮಾಡು’ ಅಂತಾರಲ್ಲ, ಅದೇ. ಅವಳಿ ಮಕ್ಕಳಲ್ಲಿ ಒಬ್ಬಳು ಕ್ವೈರ್‌ನಲ್ಲಿ ಉಳಿದಳು, ಇನ್ನೊಬ್ಬ ಆಟೋ ಹತ್ತಿದ.

ಅಂದರೆ ಆಲ್ಟೊ ‘ಎತ್ತರ’ ಆದದ್ದು ಟೆನರ್‌ಗೆ ಹೋಲಿಸಿ. ಹೆಂಗಸರಿಗೆ ಹೋಲಿಸಿ ಅಲ್ಲ. ಹೋಲಿಸೋಕೆ ಹೆಂಗಸರೇ ಅಲ್ಲಿರಲಿಲ್ಲ! ಚರ್ಚಿನ ಹಾಡುಗಾರರ ಗುಂಪಿಗೆ ಅವರನ್ನು ಸೇರಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಿನ ಸಾಲು ದನಿ ಒಡೆಯದ ಹುಡುಗರದ್ದು. ಅದರ ಕೆಳಗಿನ ಆಲ್ಟೊ ಸಾಲನ್ನು ಬೆಳೆದ ಗಂಡಸರೇ ದನಿ ಏರಿಸಿ, ಇಲ್ಲವೇ ಹೆಣ್ಣುದನಿಯಂಥ ತೆಳ್ಳಗಿನ ಕಳ್ಳದನಿ ಮಾಡಿ ಹಾಡಬೇಕಿತ್ತು. ಅವರ ಪಾಲಿಗೆ ಅದು ನಿಜವಾಗಿಯೂ ಎತ್ತರವೇ. ಕತ್ತಿನ ನರ ಉಬ್ಬುವಷ್ಟು ಎತ್ತರ. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಊರೂರಲ್ಲಿ ಹಾಡಿನ ಸಂಘಗಳು ಹುಟ್ಟಿ ಹೆಂಗಸರು ಬಂದು ನಿಂತಾಗ ಸಾಲುಗಳು ಮೊದಲಿನಂತೆಯೇ ಇದ್ದವು, ಹಾಡುವವರು ಬದಲಾದರು. ಮೇಲಿನ ಸಾಲಿಗೆ ಸಣ್ಣ ದನಿಯ ಹೆಂಗಸರು ಹೋದರು, ಆಲ್ಟೊ ಸಾಲಿಗೆ ತುಂಬಿದ ತಗ್ಗು ದನಿಯವರು. ಮನೆ ಗುಡ್ಡ ಹತ್ತಿತು. ಗದ್ದೆ ಇದ್ದಲ್ಲೇ ಇತ್ತು.

ಮಗಳಿಗೆ ಇನ್ನೊಂದು ಹೇಳಿ. ನಮ್ಮ ಲೆಕ್ಕದಲ್ಲಿ (ಇಲ್ಲಿ ಮನೆ ಅಂದರೆ ಹಾರ್ಮೋನಿಯಂನ ಕೀಲಿ) ಹುಡುಗಿಯರು ಹಾಡೋದು ಸಾಮಾನ್ಯವಾಗಿ ಐದು, ಐದೂವರೆ ಮನೆ ಶ್ರುತಿಯಲ್ಲಿ. ಐದು ಮನೆ ಅಂದರೆ ನಡುವಿನ ಸಾ ಸುಮಾರು 196 ಹರ್ಟ್ಸ್. ಶ್ರುತಿಪೆಟ್ಟಿಗೆ ಅಲ್ಲಿಗಿಟ್ಟು ಆ ಸಾ ಇಂದ ಹೊರಟು ತಾರ ಸ್ಥಾಯಿಯ ಪಂಚಮ ಮುಟ್ಟಿ ಬರಲಿ. ಹೆಚ್ಚುಕಮ್ಮಿ ಅಷ್ಟೇ ಕ್ವೈರ್‌ನ ಆಲ್ಟೊ ಸಾಲು! ಸೊಪ್ರಾನೊ ಸಾಲು ಅದನ್ನೂ ಮೀರಿ, ತಾರ ಸ್ಥಾಯಿಯ ಆಚೆಯ ಸಾ ಹತ್ತಿರ ಹೋಗಿ ಬರುತ್ತೆ. ಅಂದರೆ ನಮ್ಮ ಸಂಗೀತದ ಕ್ಲಾಸುಗಳಲ್ಲಿ ಕೂತ ಹುಡುಗಿಯರೆಲ್ಲ ಹೆಚ್ಚುಕಮ್ಮಿ ಆಲ್ಟೊಗಳೇ. ಅವರನ್ನು ಯಾರೂ ಕೆಳಗೆ ತಳ್ಳಿಲ್ಲ.

ಇಷ್ಟಾದರೂ ಮುಖ ಇಳಿಯದಿದ್ದರೆ ಗಂಗೂಬಾಯಿ ಹಾನಗಲ್ ಅವರ ಹಾಡು ಹಾಕಿ ಕೂರಿಸಿ. ಟಾನ್ಸಿಲ್ ಆಪರೇಷನ್ ಆದಮೇಲೆ ಅವರ ದನಿ ದಪ್ಪವಾಯಿತು. ಮೊದಲ ಸಲ ಕೇಳಿದವರು ಹಾಡ್ತಿರೋದು ಗಂಡಸು ಅಂದುಕೊಳ್ಳುವಷ್ಟು. ಆ ದನಿಯಲ್ಲೇ ಅವರು ಹಿಂದೂಸ್ತಾನಿ ಸಂಗೀತವನ್ನು ಆಳಿದರು.

ಪ್ರಶ್ನೆ: ಹಾಗಾದರೆ ಕಾಂಟ್ರಾಲ್ಟೊ ಅಂದರೇನು? ಆಲ್ಟೊಗೆ ವಿರುದ್ಧವಾ?
— ನಿವೃತ್ತ ಶಿಕ್ಷಕರು, ಚನ್ನರಾಯಪಟ್ಟಣ

ಉತ್ತರ: ಸರ್, ವಿರುದ್ಧ ಅಲ್ಲ. ಮೇಲೆ ಹೇಳಿದ ಕಾಂಟ್ರಾಟೆನರ್ ಆಲ್ಟುಸ್‌ನಲ್ಲಿ ನಡುವಿನ ಟೆನರ್ ಬಿದ್ದುಹೋಗಿ ಎರಡು ತುದಿ ಅಂಟಿಕೊಂಡವು, ಅಷ್ಟೇ. ಕಾಂಟ್ರಾ ಪ್ಲಸ್ ಆಲ್ಟೊ.

ನಿಜವಾದ ಮಜಾ ಬೇರೆ ಇದೆ. ಈ ಒಂದು ಹೆಸರನ್ನೇ ಮೂರು ದೇಶದವರು ತಮ್ಮ ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ಫ್ರೆಂಚರು ಓತ್-ಕಾಂತ್ರ್ ಅಂದರು. ಅದು ಅವರಲ್ಲಿ ತುಂಬ ಮೇಲಕ್ಕೆ ಹೋಗುವ ಒಂದು ಬಗೆಯ ಟೆನರ್ ಗಂಡಸು. ಇಂಗ್ಲಿಷರಲ್ಲಿ ಅದು ಕೌಂಟರ್‌ಟೆನರ್. ಇವತ್ತು ಹಾಗಂದರೆ ಕಳ್ಳದನಿಯಲ್ಲಿ ಹಾಡುವ ಗಂಡಸು. ಇಟಲಿಯಲ್ಲಿ ಕಾಂಟ್ರಾಲ್ಟೊ ಅಂದರೆ ಎಲ್ಲಕ್ಕಿಂತ ತಗ್ಗಿನ ಹೆಣ್ಣುದನಿ. ಒಂದೇ ತಾಯಿಯ ಮೂರು ಮಕ್ಕಳು, ಮೂವರೂ ಎದುರು ಬದುರು ನಿಂತರೆ ಗುರುತೇ ಹಿಡಿಯೋದಿಲ್ಲ. ಕ್ವೈರ್‌ನ ಸಾಲಿಗೆ ಆಲ್ಟೊ, ಒಬ್ಬರೇ ನಿಂತು ಹಾಡುವ ತಗ್ಗು ದನಿಯ ಗಾಯಕಿಗೆ ಕಾಂಟ್ರಾಲ್ಟೊ ಅನ್ನೋದು ಈಗಿನ ರೂಢಿ. ಅಮೆರಿಕದ ಮರಿಯನ್ ಆಂಡರ್ಸನ್ ಅಂಥವರು. ಕಪ್ಪು ವರ್ಣದವರು ಅಂತ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣ ಕೊಡಲಿಲ್ಲ. 1939ರ ಏಪ್ರಿಲ್‌ನಲ್ಲಿ ಅವರು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಬಯಲಲ್ಲೇ ನಿಂತು ಹಾಡಿದರು. ಕೇಳಲು ಸೇರಿದವರು ಸುಮಾರು 75,000 ಜನ.

ಜರ್ಮನರು ಆಲ್ಟೊದ ಬಾಲ ಕತ್ತರಿಸಿ ಆಲ್ಟ್ ಅಂತಾರೆ. ಅವರ ಭಾಷೆಯಲ್ಲಿ ಆಲ್ಟ್ ಅಂದರೆ ಮುದುಕ, ಹಳೆಯದು ಅಂತಲೂ ಇದೆ. ಸುಮ್ನೆ ಕಾಕತಾಳೀಯ ಅಂದುಕೊಂಡಿದ್ದೆ. ಅಲ್ಲ. ಬಹಳ ಹಿಂದೆ ಹೋದರೆ ಎರಡಕ್ಕೂ ಬೇರು ಒಂದೇ, ‘ಬೆಳೆದದ್ದು’ ಅಂತ. ಲ್ಯಾಟಿನ್‌ನಲ್ಲಿ ಬೆಳೆದದ್ದು ಎತ್ತರವಾಯಿತು, ಜರ್ಮನಿಯಲ್ಲಿ ಬೆಳೆದದ್ದು ಮುದಿಯಾಯಿತು.

ಪ್ರಶ್ನೆ: ಎಸ್ಪ್ರೆಸೊ, ಕ್ಯಾಪುಚಿನೊ, ಸೊಪ್ರಾನೊ, ಆಲ್ಟೊ. ಇಟಲಿಯವರು ಎಲ್ಲಕ್ಕೂ ‘ಒ’ ಹಚ್ಚುತ್ತಾರಾ? ನಮ್ಮ ಕಾಫಿ ಅಲ್ಲಿಗೆ ಹೋಗಿ ಅದಕ್ಕೂ ‘ಒ’ ಬಂತು.
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಸ್ವಾಮಿ, ನಾವೇನು ಕಮ್ಮಿ? ಬಸ್‌ಗೆ ಬಸ್ಸು, ಕಾರ್‌ಗೆ ಕಾರು, ಬೆಂಚ್‌ಗೆ ಬೆಂಚು. ಕೊನೆಯಲ್ಲಿ ಸ್ವರ ಇಲ್ಲದಿದ್ದರೆ ನಮ್ಮ ಬಾಯಿಗೂ ಸಮಾಧಾನ ಇಲ್ಲ, ಅವರ ಬಾಯಿಗೂ ಇಲ್ಲ. ಜರ್ಮನರಿಗೆ ಮಾತ್ರ ಇದರ ಉಲ್ಟಾ. ಬಂದ ಪದದ ಬಾಲ ಕತ್ತರಿಸಿದ ಮೇಲೇ ಒಳಗೆ ಬಿಡೋದು: ಸೊಪ್ರಾನ್, ಆಲ್ಟ್, ಬಾಸ್. ರಷ್ಯನ್ನರು ಆಲ್ಟೊದ ಬಾಲ ಕತ್ತರಿಸಿ ಸೊಪ್ರಾನೊವನ್ನು ಹಾಗೇ ಬಿಟ್ಟರು. ಯಾಕೆ ಅಂತ ಅವರನ್ನೇ ಕೇಳಬೇಕು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮುಳ್ಳಿದೆ. ಇಟಾಲಿಯನ್‌ನಲ್ಲಿ ‘ಒ’ ಸಾಮಾನ್ಯವಾಗಿ ಗಂಡು, ‘ಆ’ ಹೆಣ್ಣು. ಹಾಡುವವಳು ಹೆಂಗಸು, ಅವಳ ಹೆಸರು ಸೊಪ್ರಾನೊ, ವ್ಯಾಕರಣದಲ್ಲಿ ಗಂಡು! ಹಳೇ ಶಿಸ್ತಿನ ಇಟಾಲಿಯನ್‌ನಲ್ಲಿ ಗಾಯಕಿಗೂ ‘ಇಲ್ ಸೊಪ್ರಾನೊ’ ಅಂತಲೇ ಗಂಡು ಗುರುತು ಹಚ್ಚುತ್ತಾರೆ. ಕಾರಣ ಅದೇ. ಸಾಲಿಗೆ ಹೆಸರಿಟ್ಟಾಗ ಅಲ್ಲಿ ನಿಂತವರು ಗಂಡುಹುಡುಗರು. ಆಮೇಲೆ ಇನ್ನೂ ಕೆಟ್ಟ ಕಾಲವೂ ಬಂತು. ದನಿ ಒಡೆಯಬಾರದು ಅಂತ ಬಾಲ್ಯದಲ್ಲೇ ಹುಡುಗರ ಬೀಜ ತೆಗೆಸಿಬಿಡುತ್ತಿದ್ದರು. ಅಂಥವರನ್ನು ಕಾಸ್ಟ್ರಾಟೊ ಅನ್ನುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಫಾರಿನೆಲ್ಲಿ ಎಂಬವನಿಗೆ ಯೂರೋಪಿನ ಅರಮನೆಗಳೆಲ್ಲ ಮರುಳಾಗಿದ್ದವು. ಅಂಥ ಕೊನೆಯ ಗಾಯಕ ಅಲೆಸಾಂಡ್ರೊ ಮೊರೆಸ್ಕಿಯ ದನಿ 1902 ಮತ್ತು 1904ರಲ್ಲಿ ಗ್ರಾಮಫೋನ್ ತಟ್ಟೆಗೆ ಸೇರಿತು. ಇವತ್ತಿಗೂ ಕೇಳಬಹುದು. ನಾನು ಒಮ್ಮೆ ಕೇಳಿದೆ. ಮತ್ತೆ ಕೇಳಬೇಕು ಅನ್ನಿಸಲಿಲ್ಲ.

ಸ್ಪ್ಯಾನಿಷರು ಈ ತಕರಾರೇ ಬೇಡ ಅಂತ ‘ಲಾ ಸೊಪ್ರಾನೊ’ ಅಂದು ಹೆಣ್ಣು ಮಾಡಿಕೊಂಡರು. ಕನ್ನಡದಲ್ಲಿ ನಮಗೆ ಆ ಕಷ್ಟವೇ ಇಲ್ಲ. ಸೊಪ್ರಾನೊ ಬಂದಳು, ಹಾಡಿದಳು, ಹೋದಳು.

ಕ್ಯಾಪುಚಿನೊ ವಿಷಯ ಕೇಳಬೇಡಿ. ಅದು ಕಪುಚಿನ್ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ ಬಂದ ಹೆಸರು. ಅದನ್ನು ಕುಡಿಯೋಕೆ ಹೋಗಿ ನಿಮ್ಮದೇ ಊರಿನ ಕಡೆ ಒಂದು ಕಡೆ ನಾನು ಕೊಟ್ಟ ದುಡ್ಡಿಗೆ ಮನೆಗೆ ಕಾಲು ಕೆಜಿ ಫಿಲ್ಟರ್ ಪುಡಿ ಬರುತ್ತಿತ್ತು.

ಪ್ರಶ್ನೆ: ಆಲ್ಟೊ ಎತ್ತರ ಅಂದಮೇಲೆ ಸೊಪ್ರಾನೊ ಏನು? ಇನ್ನೂ ಎತ್ತರಾನಾ?
— ಗೃಹಿಣಿ, ಹೊಳೆನರಸೀಪುರ

ಉತ್ತರ: ಸೋಪ್ರ ಅಂದರೆ ಇಟಾಲಿಯನ್‌ನಲ್ಲಿ ‘ಮೇಲೆ’. ಎಲ್ಲರಿಗಿಂತ ಮೇಲೆ ಕೂತದ್ದು ಸೊಪ್ರಾನೊ. ಅದೇ ಲ್ಯಾಟಿನ್ ಬೇರಿನಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋದದ್ದು ಸಾವರಿನ್, ಅಂದರೆ ಎಲ್ಲರ ಮೇಲಿನ ದೊರೆ. ದೊರೆಯ ಹೆಸರನ್ನು ಬ್ರಿಟಿಷರು ಚಿನ್ನದ ನಾಣ್ಯಕ್ಕೂ ಇಟ್ಟರು. ನಮ್ಮ ಅಂಗಡಿಗಳಲ್ಲಿ ‘ಎರಡು ಸವರನ್ ಸರ’ ಅಂತಾರಲ್ಲ, ಎಂಟು ಗ್ರಾಮ್ ಲೆಕ್ಕದ್ದು, ಅದು ಇದೇ. ಸೊಪ್ರಾನೊದ ಅಕ್ಕ ನಿಮ್ಮ ಬೀರುವಿನಲ್ಲೇ ಇದ್ದಾಳೆ.

ದೊರೆ ಅಂದಾಗ ನೆನಪಾಯಿತು. ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರೌಸ್ ತೀರಿಕೊಂಡದ್ದು 1949ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಸೊಪ್ರಾನೊ ದನಿಗೆ ಅಂತ ನಾಲ್ಕು ಹಾಡು ಕಟ್ಟಿದ್ದರು. ಅವು ಮೊದಲ ಬಾರಿ ಸಭೆಯ ಮುಂದೆ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ದುಡ್ಡಿನ ಹೊಣೆ ಹೊತ್ತವರು ಯಾರು ಗೊತ್ತಾ? ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಹಾಡ್ತೀನಿ. ಮೇಲಿನ ಸ್ವರಕ್ಕೆ ಹೋದಾಗ ದನಿ ತೆಳ್ಳಗಾಗಿ ಹೆಣ್ಣುದನಿ ಥರ ಆಗುತ್ತೆ. ‘ಫಾಲ್ಸೆಟ್ಟೊ ಹೊಡೀತಾನೆ’ ಅಂತ ಗೆಳೆಯರು ಗೇಲಿ ಮಾಡ್ತಾರೆ. ಇದು ಬೈಗುಳಾನಾ?
— ಯುವಕ, ಅರಸೀಕೆರೆ

ಉತ್ತರ: ಹುಟ್ಟಿದ್ದೇನೋ ಸ್ವಲ್ಪ ಬೈಗುಳವಾಗಿಯೇ ತಮ್ಮಾ. ಇಟಾಲಿಯನ್‌ನಲ್ಲಿ ಫಾಲ್ಸೊ ಅಂದರೆ ಸುಳ್ಳು. ಕೊನೆಗೆ ‘ಎಟ್ಟೊ’ ಹಚ್ಚಿದರೆ ಚಿಕ್ಕದು ಅಂತ. ಫಾಲ್ಸೆಟ್ಟೊ ಅಂದರೆ ಸುಳ್ಳುಮರಿ. ಇದನ್ನು ಜರ್ಮನರು ಫಾಲ್ಸೆಟ್ ಅಂದರು, ಸ್ಪ್ಯಾನಿಷರು ಫಾಲ್ಸೆತೆ, ರಷ್ಯನ್ನರು ಫಾಲ್ಟ್ಸೆಟ್. ಪದದ ಜೊತೆ ಆರೋಪವೂ ಗಡಿ ದಾಟಿತು.

ನನ್ನ ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ಆರು ತಿಂಗಳು ಸಂಗೀತಕ್ಕೆ ಕಳಿಸಿದ್ದರು. ಮೇಷ್ಟ್ರು ದಿನಾ ಗದರುತ್ತಿದ್ದದ್ದು ಒಂದೇ ಮಾತು, ‘ಕಳ್ಳದನಿ ಬೇಡ, ಎದೆಯಿಂದ ತೆಗಿ’. ಇಟಲಿಯ ಮುಖ ನೋಡದ ಮೇಷ್ಟ್ರು. ಅಲ್ಲೂ ಸುಳ್ಳು, ಇಲ್ಲೂ ಕಳ್ಳ! ತುಂಬುದನಿಯಿಂದ ಆ ತೆಳುದನಿಗೆ ಜಾರುವ ಜಾಗ ಕಿವಿಗೆ ಹಾಗೇ ಕೇಳಿಸುತ್ತೆ ಅನ್ನಿಸುತ್ತೆ. ಯಾರೋ ಬಾಗಿಲು ಸದ್ದಾಗದಂತೆ ತೆಗೆದು ಪಕ್ಕದ ಕೋಣೆಗೆ ನುಸುಳಿದ ಹಾಗೆ.

ಗಂಟಲಿನೊಳಗೆ ಆಗೋದು ಇಷ್ಟು. ಮಾಮೂಲಿ ದನಿಯಲ್ಲಿ ಧ್ವನಿತಂತುಗಳು ದಪ್ಪಗಿದ್ದು ಪೂರ್ತಿ ಅಲುಗುತ್ತವೆ, ಒಂದಕ್ಕೊಂದು ಚೆನ್ನಾಗಿ ಬಡಿಯುತ್ತವೆ. ಫಾಲ್ಸೆಟ್ಟೊದಲ್ಲಿ ಅವು ಎಳೆದು ತೆಳ್ಳಗಾಗಿ ಅಂಚು ಮಾತ್ರ ಅಲುಗುತ್ತೆ. ನಡುವೆ ಸಂದಿ ಉಳಿದು ಗಾಳಿ ಸೋರುತ್ತೆ. ಅದಕ್ಕೇ ಆ ದನಿಯಲ್ಲಿ ಉಸಿರು ಜಾಸ್ತಿ, ಗಟ್ಟಿತನ ಕಮ್ಮಿ. ಅದೇ ತಂತು, ಅದೇ ಗಂಟಲು. ಸುಳ್ಳು ಎಲ್ಲಿಂದ ಬಂತು? ಇಂಗ್ಲೆಂಡಿನ ಆಲ್ಫ್ರೆಡ್ ಡೆಲ್ಲರ್ ಅದೇ ದನಿಯಲ್ಲಿ ಹಾಡಿ, 1940ರ ದಶಕದಿಂದ ಕೌಂಟರ್‌ಟೆನರ್ ಹಾಡುಗಾರಿಕೆಗೆ ಮತ್ತೆ ಜೀವ ಕೊಟ್ಟರು. ಗೆಳೆಯರಿಗೆ ಹೇಳು.

ಪ್ರಶ್ನೆ: ಸ್ಯಾಕ್ಸೊಫೋನಿಗೂ ಆಲ್ಟೊ ಅಂತಾರಲ್ಲ?
— ಬ್ಯಾಂಡ್ ಸೆಟ್‌ನವರು, ಕಡೂರು

ಉತ್ತರ: ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದದ್ದು ಒಂದು ವಾದ್ಯಕ್ಕಲ್ಲ, ಚಿಕ್ಕದರಿಂದ ದೊಡ್ಡದರವರೆಗೆ ಒಂದು ಕುಟುಂಬಕ್ಕೇ. ಆ ವಾದ್ಯಗಳಿಗೂ ಹಾಡುಗಾರರ ಸಾಲಿನ ಹೆಸರುಗಳೇ ಬಂದವು: ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್. ಕದ್ರಿ ಗೋಪಾಲನಾಥ್ ಅವರ ಕೈಯಲ್ಲಿ ಕರ್ನಾಟಕ ಸಂಗೀತ ಕಲಿತದ್ದು ಈ ಆಲ್ಟೊ. ಫ್ರೆಂಚರನ್ನು ಕೇಳಿದರೆ ಆಲ್ಟೊ ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಯೋಲಾ ಅಂತಾರೆ. ನಮ್ಮೂರಲ್ಲಿ ಕೇಳಿದರೆ ಮಾರುತಿ ಕಾರು ಅಂತಾರೆ. ಅದರಲ್ಲಿ ಎತ್ತರ ಎಲ್ಲಿದೆ ಅಂತ ನನ್ನ ಆರಡಿ ಅಳಿಯ ಹತ್ತಿ ಇಳಿದಾಗಲೆಲ್ಲ ಕೇಳುತ್ತಾನೆ.

ಪ್ರಶ್ನೆ: ಇಷ್ಟೆಲ್ಲ ಬರೀತೀರಲ್ಲ, ನಿಮಗೆ ಹಾಡೋಕೆ ಬರುತ್ತಾ?
— ಹೆಸರು ಬೇಡ ಎಂದವರು, ಹಾಸನ

ಉತ್ತರ: ಇಲ್ಲ. ಆರು ತಿಂಗಳಲ್ಲೇ ಮೇಷ್ಟ್ರು ಫೀಸು ವಾಪಸ್ ಕೊಟ್ಟರು.

ನಾಲ್ಕು ಸಾಲಿನ ಹಾಡನ್ನು ಮೊದಲು ಕೇಳಿದ್ದು ಹಾಸನದಲ್ಲೇ, ಕಾಲೇಜು ಓದುವಾಗ. ಗೆಳೆಯನೊಬ್ಬ ಕ್ರಿಸ್‌ಮಸ್ ರಾತ್ರಿ ಚರ್ಚಿಗೆ ಕರೆದುಕೊಂಡು ಹೋಗಿದ್ದ. ‘ಇವರು ಯಾರೂ ಒಂದೇ ಶ್ರುತಿಯಲ್ಲಿಲ್ಲವಲ್ಲೋ’ ಅಂತ ಅವನ ಕಿವಿಯಲ್ಲಿ ಹೇಳಿದೆ. ಅವನು ಮೊಣಕೈಯಲ್ಲಿ ತಿವಿದ.

ಹಾಡೋದು ನಮ್ಮ ಮನೆಯವರು. ಅವರದ್ದು ತಗ್ಗಿನ, ತುಂಬಿದ ದನಿ. ಮೂರು ಮನೆ ಅವರಿಗೆ ಸುಖ. ಊರಿನ ಒಂದು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಐದೂವರೆ ಮನೆಯಿಂದ ಅಲುಗುತ್ತಿರಲಿಲ್ಲ. ‘ಮೇಲಿನ ಸಾಲು ಬಂದಾಗ ಸುಮ್ನೆ ತುಟಿ ಆಡ್ಸಿ ಸಾಕು’ ಅಂದರಂತೆ. ಒಂದು ವರ್ಷ ತುಟಿ ಆಡಿಸಿದರು. ಆಮೇಲೆ ಒಂದು ಶುಕ್ರವಾರ, ಮೇಲಿನ ಸಾಲು ಬಂದಾಗ, ಅದನ್ನೇ ಕೆಳಗಿನ ಸ್ಥಾಯಿಯಲ್ಲಿ ಜೋರಾಗಿ ಹಾಡಿಬಿಟ್ಟರು. ಹಾರ್ಮೋನಿಯಂನವರು ಒಂದು ಕ್ಷಣ ತಿರುಗಿ ನೋಡಿ ನುಡಿಸುತ್ತಾ ಹೋದರು. ಈಗ ಅವರ ಪಕ್ಕದಲ್ಲಿ ಇನ್ನೂ ಇಬ್ಬರು ಹಾಗೇ ಕೆಳಗೆ ಹಾಡುತ್ತಾರೆ. ಆ ಮೂವರು ಕೂರುವ ಮೂಲೆಗೆ ಮಂಡಳಿಯವರು ‘ಮಂದ್ರ ಬೆಂಚು’ ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ಬೆಂಚಿಲ್ಲ, ಎಲ್ಲರೂ ಚಾಪೆಯ ಮೇಲೇ ಕೂರೋದು.